ದೇಶ ಒಡೆಯುವ ಮಾತು, ಒಡೆಯದೇ ಉಳಿದ ಜೀತ

2024ರ ಫೆಬ್ರವರಿ 1ರಂದು ಕೇಂದ್ರದ ಮಧ್ಯಂತರ ಬಜೆಟ್ ಮಂಡನೆಯಾಯಿತು. ದಕ್ಷಿಣದ ತೆರಿಗೆ ಹಣ ಉತ್ತರಕ್ಕೆ ಹರಿದು ಹೋಗ್ತಿದೆ, ಇದು ಸರಿಹೋಗದಿದ್ದರೆ ಪ್ರತ್ಯೇಕ ದೇಶ ಕೇಳಬೇಕಾದ ಪರಿಸ್ಥಿತಿ ಬರುತ್ತದೆ ಅಂತ ಆಗಿನ ಬೆಂಗಳೂರು ಗ್ರಾಮಾಂತರ ಸಂಸದ ಡಿ.ಕೆ. ಸುರೇಶ್ ಅವತ್ತು ಹೇಳಿದರು. ಮರುದಿನ ಸಂಸತ್ತಿನಲ್ಲಿ ಗದ್ದಲ. ದೇಶ ಒಡೆಯುವ ಮಾತನ್ನು ಸಹಿಸಲ್ಲ ಅಂತ ಅವರದೇ ಪಕ್ಷದ ಅಧ್ಯಕ್ಷರು ರಾಜ್ಯಸಭೆಯಲ್ಲಿ ಹೇಳಬೇಕಾಯಿತು. ಫೆಬ್ರವರಿ 7ಕ್ಕೆ ಇಡೀ ರಾಜ್ಯ ಸರ್ಕಾರ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತಿತು. ಜೂನ್ ಹೊತ್ತಿಗೆ ಸುರೇಶ್ ಚುನಾವಣೆಯಲ್ಲಿ ಸೋತರು. ಆದರೆ ಉತ್ತರ-ದಕ್ಷಿಣದ ಮಾತು ಅಲ್ಲಿಗೆ ನಿಲ್ಲಲಿಲ್ಲ, ಕ್ಷೇತ್ರ ಮರುವಿಂಗಡಣೆಯ ಚರ್ಚೆಯಲ್ಲಿ ಇನ್ನೂ ಬಿಸಿಯಾಗಿದೆ.

ತೆರಿಗೆ ಹಂಚಿಕೆಯಲ್ಲಿ ಕರ್ನಾಟಕಕ್ಕೆ ಅನ್ಯಾಯ ಆಗಿದೆ ಅನ್ನೋದರಲ್ಲಿ ನನಗೆ ಅನುಮಾನವಿಲ್ಲ. ನನ್ನನ್ನು ಕಾಡೋದು ಬೇರೆ ವಿಷಯ. ಆ ಸಂಸದರ ಕ್ಷೇತ್ರದ ಒಳಗಿನ ನಾಲ್ಕು ತಾಲ್ಲೂಕುಗಳನ್ನೇ ತಗೊಳ್ಳಿ: ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ. ಇಲ್ಲಿನ ಹಳ್ಳಿಗಳಲ್ಲಿ ಮುಂಗಡ ಸಾಲಕ್ಕೆ ಮನುಷ್ಯರನ್ನು ಒತ್ತೆ ಇಟ್ಟುಕೊಂಡ ಚರಿತ್ರೆ ಉದ್ದಕ್ಕಿದೆ. ಅದಕ್ಕಾಗಿ ಯಾರೂ, ಯಾವ ಕಾಲದಲ್ಲೂ, ದೇಶ ಒಡೆಯುವ ಮಾತಾಡಲಿಲ್ಲ. ದೇಶ ಹೋಗಲಿ, ಜಿಲ್ಲಾ ಪಂಚಾಯಿತಿ ಸಭೆ ಕೂಡ ಅದಕ್ಕಾಗಿ ಮುಂದಕ್ಕೆ ಹೋದ ನೆನಪಿಲ್ಲ.

ಗುಲಾಮಗಿರಿಯ ಪ್ರಶ್ನೆ ಮೇಲೆ ನಿಜವಾಗಿಯೇ ಒಡೆದ ದೇಶ ಒಂದಿದೆ, ಅಮೆರಿಕ. ಅಲ್ಲಿ ಯಾಕೆ ಒಡೆಯಿತು, ಇಲ್ಲಿ ಯಾಕೆ ಬಿರುಕೂ ಬಿಡಲಿಲ್ಲ? ಈ ಪ್ರಶ್ನೆ ಇಟ್ಟುಕೊಂಡು ನೋಡಿದರೆ ಈಗಿನ ಉತ್ತರ-ದಕ್ಷಿಣ ಜಗಳದಲ್ಲೂ ನಾವು ಏನನ್ನು ಬಿಟ್ಟು ಮಾತಾಡ್ತಿದ್ದೀವಿ ಅನ್ನೋದು ಕಾಣುತ್ತೆ.

ಒಗ್ಗಟ್ಟಿನ ಬಿಲ್ಲು ಕಟ್ಟಿದವರು

ಅಮೆರಿಕದ ಕತೆಯನ್ನು ನಾವು ಶಾಲೆಯಲ್ಲಿ ಓದಿರೋದು ಲಿಂಕನ್ ಕತೆಯಾಗಿ. ಅದಕ್ಕೂ ಮುಂಚಿನ 70 ವರ್ಷ ನಮಗೆ ಗೊತ್ತಿಲ್ಲ. ಆ 70 ವರ್ಷವೇ ಮುಖ್ಯ.

1787ರ ಸಂವಿಧಾನದಲ್ಲೇ ಒಂದು ರಾಜಿಯಾಯಿತು. ಸಂಸತ್ತಿನ ಕೆಳಮನೆಯ ಸೀಟು ಲೆಕ್ಕ ಹಾಕುವಾಗ ಐದು ಗುಲಾಮರನ್ನು ಮೂರು ಜನ ಅಂತ ಎಣಿಸೋದು. ಗುಲಾಮನಿಗೆ ಓಟಿಲ್ಲ, ಆದರೆ ಅವನ ತಲೆ ಲೆಕ್ಕದಿಂದ ಒಡೆಯನ ರಾಜ್ಯಕ್ಕೆ ಹೆಚ್ಚು ಸೀಟು. 1820ರಲ್ಲಿ ಇನ್ನೊಂದು ರಾಜಿ: ಮಿಸೌರಿ ಗುಲಾಮಗಿರಿಯ ರಾಜ್ಯವಾಗಿ ಬರಲಿ, ಅದಕ್ಕೆ ಸಮ ಮಾಡಲು ಮೇನ್ ಮುಕ್ತ ರಾಜ್ಯವಾಗಿ ಬರಲಿ. ನಕ್ಷೆಯ ಮೇಲೆ ಗೆರೆ ಎಳೆದರು. 1850ರಲ್ಲಿ ಮತ್ತೊಂದು. ಅದರ ಭಾಗವಾಗಿ ಬಂದ ಕಾನೂನಿನ ಪ್ರಕಾರ, ಉತ್ತರಕ್ಕೆ ತಪ್ಪಿಸಿಕೊಂಡು ಬಂದ ಗುಲಾಮನನ್ನು ಹಿಡಿದು ವಾಪಸ್ ಕಳಿಸೋದು ಉತ್ತರದವರ ಕರ್ತವ್ಯವೂ ಆಯಿತು. 1857ರಲ್ಲಿ ಡ್ರೆಡ್ ಸ್ಕಾಟ್ ಪ್ರಕರಣದಲ್ಲಿ, ಕಪ್ಪು ಜನ ಈ ದೇಶದ ಪ್ರಜೆಗಳೇ ಅಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು.

ಪ್ರತಿ ಸಲವೂ ಕೊಟ್ಟ ಕಾರಣ ಒಂದೇ, ದೇಶದ ಒಗ್ಗಟ್ಟು. ಪ್ರತಿ ಸಲವೂ ಆ ಒಗ್ಗಟ್ಟಿನ ಬಿಲ್ಲು ಕಟ್ಟಿದವರು ರಾಜಿ ಪಂಚಾಯಿತಿಯಲ್ಲಿ ಕೂರಿಸಿಕೊಳ್ಳದ ಜನ. ಲಿಂಕನ್ ಕೂಡ, ಯುದ್ಧ ನಡೀತಿರುವಾಗಲೇ, 1862ರ ಆಗಸ್ಟ್‌ನಲ್ಲಿ ಪತ್ರಿಕಾ ಸಂಪಾದಕರೊಬ್ಬರಿಗೆ ಬರೆದ ಪತ್ರದಲ್ಲಿ, ಒಬ್ಬ ಗುಲಾಮನನ್ನೂ ಬಿಡಿಸದೆ ಒಕ್ಕೂಟ ಉಳಿಸಲು ಸಾಧ್ಯವಾದರೆ ಹಾಗೇ ಉಳಿಸುತ್ತೇನೆ ಅನ್ನುವ ಅರ್ಥದ ಮಾತು ಹೇಳಿದ್ದರು. ರಾಜಿಗಳು ಮುಗಿದಾಗ, 1860ರ ಡಿಸೆಂಬರ್‌ನಲ್ಲಿ ದಕ್ಷಿಣ ಕ್ಯಾರೊಲಿನಾ ಒಕ್ಕೂಟ ಬಿಟ್ಟಿತು. ನಂತರದ ನಾಲ್ಕು ವರ್ಷದ ಯುದ್ಧದಲ್ಲಿ ಸತ್ತವರು 6 ಲಕ್ಷಕ್ಕೂ ಹೆಚ್ಚು. ಸುಮಾರು 40 ಲಕ್ಷ ಜನ ಬಿಡುಗಡೆಯಾದರು.

ಬಿಡುಗಡೆಯಾದ ಮೇಲೆ ಏನಾಯಿತು ಅನ್ನೋದು ನಮಗೆ ಬಹಳ ಪರಿಚಿತ ಕತೆ. ಜಮೀನು ಸಿಗಲಿಲ್ಲ. ಹಳೇ ಒಡೆಯನ ಹೊಲವನ್ನೇ ಪಾಲಿಗೆ ಮಾಡಿ, ಬೀಜಕ್ಕೆ, ಊಟಕ್ಕೆ ಅವನ ಹತ್ತಿರವೇ ಸಾಲ ಮಾಡಿ, ಸಾಲ ತೀರುವ ತನಕ ಜಾಗ ಬಿಡುವ ಹಾಗಿಲ್ಲ ಅಂತಾಯಿತು. ಸಾಲಕ್ಕೆ ದುಡಿಸಿಕೊಳ್ಳುವುದನ್ನು ನಿಷೇಧಿಸಿ 1867ರಲ್ಲೇ ಅಲ್ಲಿ ಇನ್ನೊಂದು ಕಾಯ್ದೆ ಮಾಡಬೇಕಾಯಿತು. ಅಂದರೆ ಸರಪಳಿ ಬಿಚ್ಚಿದ ಮೇಲೆ ಅಮೆರಿಕ ಬಂದು ನಿಂತದ್ದು ನಮ್ಮ ಜೀತದ ಜಾಗಕ್ಕೆ.

ಆ ಯುದ್ಧದ ಹೊಗೆ ನಮ್ಮ ನಕ್ಷೆಗೂ ತಾಗಿತ್ತು

ಇಲ್ಲಿ ಒಂದು ಸಣ್ಣ ದಾರಿ ತಪ್ಪಿ ಹೋಗಿಬರೋಣ, ತಮಾಷೆಯಾಗಿದೆ. ಇಂಗ್ಲೆಂಡಿನ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಸುಮಾರು ಮುಕ್ಕಾಲು ಭಾಗ ಅಮೆರಿಕದ ಗುಲಾಮರು ಬಿಡಿಸಿದ್ದು. ಯುದ್ಧ ಶುರುವಾಗಿ ಅದು ನಿಂತಾಗ ಕಣ್ಣು ಬಿದ್ದದ್ದು ಧಾರವಾಡ ಸೀಮೆಯ ಮೇಲೆ. ಕಂಪನಿಯವರು 1840ರ ದಶಕದಲ್ಲೇ ಅಮೆರಿಕದ ತಳಿ ತಂದು ಅಲ್ಲಿ ಬೆಳೆಸಿದ್ದರು, ಅದಕ್ಕೆ ಧಾರವಾಡ-ಅಮೆರಿಕನ್ ಅಂತಲೇ ಹೆಸರು. ಆ ಹತ್ತಿಯನ್ನು ಘಟ್ಟ ಇಳಿಸಿ ಹಡಗಿಗೆ ಹಾಕಲು ಕಾರವಾರ ಬೇಕು. ಕಾರವಾರ ಇದ್ದದ್ದು ಮದ್ರಾಸ್ ಪ್ರಾಂತ್ಯದಲ್ಲಿ, ಹತ್ತಿ ಇದ್ದದ್ದು ಬಾಂಬೆ ಪ್ರಾಂತ್ಯದಲ್ಲಿ. ಹತ್ತಿ ವ್ಯಾಪಾರಿಗಳ ಒತ್ತಡ ದೊಡ್ಡದಿತ್ತು. 1862ರಲ್ಲಿ ಉತ್ತರ ಕೆನರಾವನ್ನು ಮದ್ರಾಸಿನಿಂದ ಕಿತ್ತು ಬಾಂಬೆಗೆ ಸೇರಿಸಿದರು. ಕರಾವಳಿ ಕನ್ನಡಿಗರು ಎರಡು ಪ್ರಾಂತ್ಯಗಳಾಗಿ ಬೇರೆಯಾದವರು ಮತ್ತೆ ಸೇರಿದ್ದು 1956ಕ್ಕೆ.

ಅಮೆರಿಕದ ಗುಲಾಮಗಿರಿಯ ಜಗಳಕ್ಕೆ ನಮ್ಮ ಜಿಲ್ಲೆಯ ಗಡಿ ಬದಲಾಯಿತು. ಆದರೆ ಅದೇ ಕೆನರಾದಲ್ಲಿ ಇದ್ದ ಗುಲಾಮರಿಗಾಗಿ ಯಾವ ಗಡಿಯೂ ಅಲುಗಲಿಲ್ಲ. ಇದ್ದರೇ ಅಂತ ಕೇಳಬೇಡಿ, ಇದ್ದರು. ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ರಾಮಗಿರಿ, ಮಾಗಡಿ ಎಲ್ಲ ಸುತ್ತಿ, ಕೊನೆಗೆ ಕರಾವಳಿಗೆ ಹೋದಾಗ ಅಲ್ಲಿನ ಕೊಂಡುಕೊಂಡ ಆಳುಗಳ ಬೆಲೆಯನ್ನೂ, ಅವರಿಗೆ ಕೊಡುವ ಭತ್ತದ ಅಳತೆಯನ್ನೂ ಬರೆದಿಟ್ಟಿದ್ದಾನೆ. ತುಳುನಾಡಿನಲ್ಲಿ ಮೂಲದಾಳು. ಕೊಡಗಿನಲ್ಲಿ ಭೂಮಿ ಜಮ್ಮದ ಆಳು, ಜಮೀನು ಕೈ ಬದಲಿಸಿದರೆ ಅವನೂ ಜೊತೆಗೆ. ಬ್ರಿಟಿಷರು 1833ರಲ್ಲಿ ತಮ್ಮ ವಸಾಹತುಗಳಲ್ಲಿ ಗುಲಾಮಗಿರಿ ರದ್ದು ಮಾಡಿದಾಗ ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಗಳನ್ನು ಹೊರಗಿಟ್ಟರು. 1843ರ ಕಾಯ್ದೆ ಇಲ್ಲಿಗೆ ಬಂತು, ಅದು ಕೋರ್ಟು ಇನ್ನು ಮೇಲೆ ಗುಲಾಮನನ್ನು ಆಸ್ತಿ ಅಂತ ಒಪ್ಪಲ್ಲ ಅಂದಿತಷ್ಟೆ. ಮನುಷ್ಯರನ್ನು ಗುಲಾಮರಾಗಿ ಮಾರೋದು, ಕೊಳ್ಳೋದು ಅಪರಾಧ ಅಂತಾಗಿದ್ದು 1860ರ ದಂಡ ಸಂಹಿತೆಯಲ್ಲಿ. ಅಷ್ಟು ಹೊತ್ತಿಗೆ ಒಡೆಯರು ಕ್ರಯಪತ್ರದ ಜಾಗಕ್ಕೆ ಸಾಲಪತ್ರ ತಂದಾಗಿತ್ತು.

ಗೆರೆ ಎಲ್ಲಿದೆ?

ಈಗ ಮೂಲ ಪ್ರಶ್ನೆಗೆ ಬರ್ತೀನಿ. ಅಮೆರಿಕದಲ್ಲಿ ಗುಲಾಮರ ಒಡೆಯರು ನಕ್ಷೆಯ ಒಂದು ಕಡೆ ಗುಂಪಾಗಿದ್ದರು. ಹಾಗಾಗಿ ಅದು ಪ್ರಾದೇಶಿಕ ಪ್ರಶ್ನೆಯಾಯಿತು, ಸೆನೆಟ್ಟಿನ ಪ್ರಶ್ನೆಯಾಯಿತು, ಕೊನೆಗೆ ಸೈನ್ಯದ ಪ್ರಶ್ನೆಯಾಯಿತು. ನಮ್ಮಲ್ಲಿ ಒಡೆಯರು ಎಲ್ಲಾ ಕಡೆ ಹರಡಿಕೊಂಡಿದ್ದಾರೆ. ಬಿಹಾರದಲ್ಲೂ ಇದ್ದಾರೆ, ತಮಿಳುನಾಡಿನಲ್ಲೂ ಇದ್ದಾರೆ, ನಮ್ಮಲ್ಲೂ ಇದ್ದಾರೆ. ಗೆರೆ ರಾಜ್ಯ ರಾಜ್ಯದ ನಡುವೆ ಇಲ್ಲ, ಪ್ರತಿ ಹಳ್ಳಿಯ ಊರು ಮತ್ತು ಕೇರಿಯ ನಡುವೆ ಇದೆ. ಕೂಟಗಲ್ ಹೋಬಳಿಯ ಯಾವ ಹಳ್ಳಿಗೆ ಬೇಕಾದರೂ ಹೋಗಿ, ಆ ಗೆರೆಯನ್ನು ನಿಮಗೆ ಯಾರೂ ತೋರಿಸಬೇಕಾಗಿಲ್ಲ.

ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾಡಿದ ಭಾಷಣದ ಒಂದು ಭಾಗವನ್ನು ನಾವು ಕಡಿಮೆ ನೆನೀತೀವಿ. ಅಮೆರಿಕದ ಚರ್ಚೊಂದು ತನ್ನ ಪ್ರಾರ್ಥನೆಯಲ್ಲಿ ರಾಷ್ಟ್ರ ಅನ್ನುವ ಪದ ಬಳಸಲು ಹಿಂಜರಿದು ಸಂಯುಕ್ತ ಸಂಸ್ಥಾನಗಳು ಅನ್ನುವ ಪದಕ್ಕೆ ಹೋದ ಪ್ರಸಂಗವನ್ನು ಅವರು ಅಲ್ಲಿ ಹೇಳ್ತಾರೆ. ಅವರೇ ತಮ್ಮನ್ನು ಒಂದು ರಾಷ್ಟ್ರ ಅಂದುಕೊಳ್ಳಲು ಅಷ್ಟು ಕಷ್ಟಪಟ್ಟರೆ, ಸಾವಿರಾರು ಜಾತಿಗಳಾಗಿ ಒಡೆದ ಜನ ರಾಷ್ಟ್ರ ಆಗೋದು ಹೇಗೆ ಅಂತ ಕೇಳ್ತಾರೆ. ಜಾತಿಯೇ ರಾಷ್ಟ್ರವಿರೋಧಿ ಅನ್ನೋದು ಅವರ ವಾದ. ದೇಶ ಒಡೆಯುವ ಗೆರೆಯನ್ನು ಅವರು ಗುರುತಿಸಿದ್ದು ನಕ್ಷೆಯಲ್ಲಿ ಅಲ್ಲ.

ಸಂವಿಧಾನ ಬರೆದವರು ಅಮೆರಿಕದ ತಪ್ಪು ಇಲ್ಲಿ ಆಗದ ಹಾಗೆ ಒಂದು ಎಚ್ಚರವನ್ನೂ ವಹಿಸಿದರು. 23ನೇ ವಿಧಿ ಬೇಗಾರ್ ಮತ್ತು ಬಲವಂತದ ದುಡಿಮೆಯನ್ನು ನಿಷೇಧಿಸಿತು. ಆದರೆ ಅದಕ್ಕೆ ಶಿಕ್ಷೆ ಗೊತ್ತುಮಾಡುವ ಅಧಿಕಾರವನ್ನು 35ನೇ ವಿಧಿ ಸಂಸತ್ತಿಗೆ ಮಾತ್ರ ಕೊಟ್ಟಿತು, ರಾಜ್ಯಗಳಿಗೆ ಕೊಡಲಿಲ್ಲ. ಒಂದು ರಾಜ್ಯದಲ್ಲಿ ಒಂದು ಶಿಕ್ಷೆ, ಪಕ್ಕದ ರಾಜ್ಯದಲ್ಲಿ ಇನ್ನೊಂದು ಅಂತ ಆಗಬಾರದು. ಗುಲಾಮ ರಾಜ್ಯ, ಮುಕ್ತ ರಾಜ್ಯ ಅನ್ನುವ ವಿಂಗಡಣೆಗೆ ದಾರಿಯೇ ಇಲ್ಲ. ಒಳ್ಳೇದು. ಆಮೇಲೆ ಸಂಸತ್ತು ಏನು ಮಾಡಿತು? 25 ವರ್ಷ ಸುಮ್ಮನಿತ್ತು. ಜೀತ ಪದ್ಧತಿ ರದ್ದತಿಯ ಸುಗ್ರೀವಾಜ್ಞೆ ಬಂದದ್ದು 1975ರ ಅಕ್ಟೋಬರ್‌ನಲ್ಲಿ, ತುರ್ತು ಪರಿಸ್ಥಿತಿಯ ಒಳಗೆ. ಮರುವರ್ಷ ಅದು ಕಾಯ್ದೆಯಾಯಿತು. ನಾಗರಿಕ ಹಕ್ಕುಗಳೆಲ್ಲ ಅಮಾನತಾಗಿದ್ದ ಕಾಲದಲ್ಲಿ ಜೀತದಾಳಿಗೆ ಹಕ್ಕು ಸಿಕ್ಕಿತು ಅನ್ನೋದು ನನಗೆ ಇವತ್ತಿಗೂ ಕಿರಿಕಿರಿ ಮಾಡುವ ಸಂಗತಿ. ಪ್ರಜಾಪ್ರಭುತ್ವ ಸರಿಯಾಗಿ ನಡೀತಿದ್ದ 25 ವರ್ಷ ಊರಿನ ಒಡೆಯನನ್ನು ಎದುರು ಹಾಕಿಕೊಳ್ಳುವ ಧೈರ್ಯ ಯಾವ ಪಕ್ಷಕ್ಕೂ ಇರಲಿಲ್ಲ ಅಂತಲೇ ಅದರ ಅರ್ಥ. ಅದೇ 1975ರಲ್ಲಿ ರಾಮನಗರದ ಬಂಡೆಗಳ ನಡುವೆ ತೆಗೆದ 'ಶೋಲೆ' ತೆರೆಗೆ ಬಂತು. ಅದೇ ವರ್ಷ 'ಚೋಮನ ದುಡಿ'ಯೂ ಸಿನಿಮಾ ಆಯಿತು. ಬಂಡೆ ನೋಡಲು ಇವತ್ತಿಗೂ ಜನ ಬರ್ತಾರೆ.

ಅಡ್ವಾನ್ಸ್ ಅನ್ನುವ ಹೊಸ ಹೆಸರು

ನಮ್ಮ ಸೀಮೆಯಲ್ಲಿ ಜೀತ ಅನ್ನುವ ಪದವನ್ನು ಒಡೆಯನೂ ಬಳಸಲ್ಲ, ಆಳೂ ಬಳಸಲ್ಲ. ಹಿಂದೆ 'ಸಂಬಳಕ್ಕಿದ್ದಾನೆ' ಅನ್ನೋರು. ಮಗನ ತಲೆ ಮೇಲೆ ಸಾಲ ತಂದು, ಅವನನ್ನು ವರ್ಷದ ಲೆಕ್ಕಕ್ಕೆ ಗೌಡರ ಮನೆಗೆ ಬಿಟ್ಟುಬಂದರೆ ಅದು ಸಂಬಳ. ಈಗ ಆ ಮಾತೂ ಹಳೇದಾಯಿತು. ಈಗಿನ ಪದ ಅಡ್ವಾನ್ಸ್. ಕೇಳೋಕೆ ಎಷ್ಟು ಮರ್ಯಾದೆಯಾಗಿದೆ ನೋಡಿ, ಬಾಡಿಗೆ ಮನೆಗೆ ಕೊಟ್ಟ ಹಾಗೆ. ವ್ಯತ್ಯಾಸ ಏನಪ್ಪಾ ಅಂದರೆ, ಬಾಡಿಗೆ ಮನೆಗೆ ಅಡ್ವಾನ್ಸ್ ಕೊಟ್ಟವನು ಬಿಟ್ಟುಹೋಗಬಹುದು. ಇಲ್ಲಿ ತಗೊಂಡವನು ಬಿಟ್ಟುಹೋಗುವ ಹಾಗಿಲ್ಲ.

ರೇಷ್ಮೆಯಲ್ಲಿ ಇದು ಮಕ್ಕಳ ತನಕ ಇಳಿದಿತ್ತು. ಹ್ಯೂಮನ್ ರೈಟ್ಸ್ ವಾಚ್ 2003ರ ಜನವರಿಯಲ್ಲಿ ರೇಷ್ಮೆ ಉದ್ಯಮದ ಜೀತದ ಮಕ್ಕಳ ಬಗ್ಗೆ ಒಂದು ವರದಿ ಪ್ರಕಟಿಸಿತು. ಅದರಲ್ಲಿ ಕಾಂಚೀಪುರಂ, ವಾರಾಣಸಿ ಜೊತೆಗೆ ರಾಮನಗರ, ಮಾಗಡಿಗಳೂ ಇದ್ದವು. ಗೂಡು ಬೇಯುವ ಬಿಸಿನೀರಿಗೆ ಕೈ ಹಾಕಿ ಎಳೆ ಹುಡುಕುವ ಮಕ್ಕಳು, ಹುರಿ ಮಿಷನ್ ಮುಂದೆ ಇಡೀ ದಿನ ನಿಲ್ಲುವ ಮಕ್ಕಳು, ಅವರ ತಲೆ ಮೇಲೆ ಅಪ್ಪ ಅಮ್ಮ ತಂದ ಸಾಲ. ಉತ್ತರದ ಊರು, ದಕ್ಷಿಣದ ಊರು ಒಂದೇ ವರದಿಯಲ್ಲಿ ಅಕ್ಕಪಕ್ಕ. ಕಲ್ಲು ಕ್ವಾರಿಗಳ ಕತೆಯೂ ಇದೇ ಜಾತಿಯದು. ಪಕ್ಕದ ಮಂಡ್ಯ ಜಿಲ್ಲೆಯ ಹಂಗರಹಳ್ಳಿಯ ಕ್ವಾರಿಯಲ್ಲಿ ಕಾಲಿಗೆ ಸರಪಳಿ ಹಾಕಿಸಿಕೊಂಡು ದುಡೀತಿದ್ದ ಕಾರ್ಮಿಕರನ್ನು ರೈತ ಸಂಘದವರು ಬಿಡಿಸಿದ್ದು 2000ನೇ ಇಸವಿಯಲ್ಲಿ. ಬೆಂಗಳೂರು ಐಟಿ ರಾಜಧಾನಿ ಅಂತ ಬೀಗುತ್ತಿದ್ದ ವರ್ಷ ಅದು.

1976ರ ಕಾಯ್ದೆ ಓದಿದರೆ ಇದೆಲ್ಲ ಒಂದು ದಿನವೂ ನಡೆಯಬಾರದು. ಸಾಲ ರದ್ದು. ಒಪ್ಪಂದ ರದ್ದು. ಜೀತದಾಳನ್ನು ಅವನಿರುವ ಮನೆಯಿಂದ ಎಬ್ಬಿಸುವ ಹಾಗಿಲ್ಲ. ಇದು ಜೀತ ಅಂತ ಆಳು ಸಾಬೀತು ಮಾಡಬೇಕಾಗಿಲ್ಲ, ಇದು ಜೀತದ ಸಾಲ ಅಲ್ಲ ಅಂತ ಕೊಟ್ಟವನೇ ಸಾಬೀತು ಮಾಡಬೇಕು. 1982ರ ಏಷ್ಯಾಡ್ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸೋದೇ ಬಲವಂತದ ದುಡಿಮೆ ಅಂದಿತು. ಇಷ್ಟಾದರೂ ಶಿಕ್ಷೆ ಮೂರು ವರ್ಷದವರೆಗೆ ಜೈಲು, 2,000 ರೂಪಾಯಿವರೆಗೆ ದಂಡ. ಆ 2,000 ಇವತ್ತಿಗೂ 2,000ವೇ.

ತೊಡಕಿರೋದು ಕಾಯ್ದೆಗಿಂತ ಅದು ನಡೆಯುವ ದಾರಿಯಲ್ಲಿ. ದೂರು ಹೋಗಬೇಕಾದ್ದು ತಹಶೀಲ್ದಾರ್, ಉಪವಿಭಾಗಾಧಿಕಾರಿ, ಜಿಲ್ಲಾಧಿಕಾರಿ ಹತ್ತಿರ. ವಿಚಾರಣೆಗೆ ಅಧಿಕಾರಿ ಊರಿಗೆ ಬಂದಾಗ ಕೂರೋದು ಯಾರ ಜಗುಲಿಯಲ್ಲಿ? ಆಳು ಹೇಳಿಕೆ ಕೊಡೋದು ಯಾರ ಎದುರಿಗೆ? ಸಾಯಂಕಾಲದ ಹೊತ್ತಿಗೆ ಹಿರಿಯರು ಸೇರಿ 'ಊರಿನ ಮಾತು ಊರಲ್ಲೇ ಇರಲಿ, ಒಗ್ಗಟ್ಟು ಕೆಡಿಸಬೇಡಿ' ಅಂತಾರೆ. ಅಮೆರಿಕದ 1820, 1850ರ ರಾಜಿಗಳು ನನಗೆ ನೆನಪಾಗೋದು ಇಲ್ಲೇ. ಅವೇ ಮಾತು, ಸೆನೆಟ್ಟಿನ ಬದಲು ಅರಳಿಕಟ್ಟೆ.

ಎಣಿಸಿದವರಿಗೆ ಸಿಕ್ಕರು

ಸರ್ಕಾರದ ಲೆಕ್ಕದಲ್ಲಿ 1970ರ ದಶಕದ ಕೊನೆಯಿಂದ ದೇಶದಲ್ಲಿ ಗುರುತಿಸಿ ಬಿಡಿಸಿದ ಜೀತದಾಳುಗಳು ಸುಮಾರು 3 ಲಕ್ಷ. ಅದರಲ್ಲಿ ಕರ್ನಾಟಕ ಮತ್ತು ತಮಿಳುನಾಡಿನ ಪಾಲು ತಲಾ 60 ಸಾವಿರಕ್ಕೂ ಹೆಚ್ಚು. ಅಷ್ಟು ನೋಡಿ ದಕ್ಷಿಣದಲ್ಲೇ ಜೀತ ಜಾಸ್ತಿ ಅನ್ನೋದು ತಪ್ಪು, ಉತ್ತರದಲ್ಲಿ ಕಡಿಮೆ ಅನ್ನೋದು ಇನ್ನೂ ದೊಡ್ಡ ತಪ್ಪು. ಎಲ್ಲಿ ಹುಡುಕಿದರೋ ಅಲ್ಲಿ ಸಿಕ್ಕರು, ಅಷ್ಟೇ. ನಮ್ಮಲ್ಲಿ ದಲಿತ ಚಳವಳಿ ಇತ್ತು, ಆನೇಕಲ್ ಸುತ್ತಮುತ್ತಲಿಂದ ಬೆಳೆದ ಜೀತ ವಿಮುಕ್ತಿ ಕರ್ನಾಟಕ, ಅಂದರೆ 'ಜೀವಿಕ' ಇತ್ತು. ಅವರು ಮನೆ ಮನೆಗೆ ಹೋಗಿ ಅರ್ಜಿ ಬರೆಸಿದರು. 1978ರ ಹೊತ್ತಿಗೆ ಗಾಂಧಿ ಶಾಂತಿ ಪ್ರತಿಷ್ಠಾನ ಮಾಡಿದ ಸಮೀಕ್ಷೆ ಹತ್ತು ರಾಜ್ಯಗಳಲ್ಲಿ 26 ಲಕ್ಷ ಜೀತದಾಳುಗಳಿದ್ದಾರೆ ಅಂದಿತ್ತು. ಸರ್ಕಾರದ ಮಾದರಿ ಸಮೀಕ್ಷೆ ಕೊಟ್ಟದ್ದು ಮೂರೂವರೆ ಲಕ್ಷದ ಆಸುಪಾಸು. 2016ರಲ್ಲಿ ಕೇಂದ್ರ ಸರ್ಕಾರವೇ 2030ರೊಳಗೆ 1.84 ಕೋಟಿ ಜೀತದಾಳುಗಳನ್ನು ಬಿಡಿಸುವ ಗುರಿ ಹಾಕಿಕೊಂಡಿತು. ಲೆಕ್ಕ ಹಾಕಿ, ವರ್ಷಕ್ಕೆ 12 ಲಕ್ಷಕ್ಕೂ ಹೆಚ್ಚು ಆಗುತ್ತೆ. ಅಷ್ಟು ವರ್ಷಗಳಲ್ಲಿ ಆಗಿದ್ದು ಒಟ್ಟು 3 ಲಕ್ಷ.

ಅದೇ 2016ರ ಯೋಜನೆ ಪುನರ್ವಸತಿಗೆ ಗಂಡಾಳಿಗೆ 1 ಲಕ್ಷ, ಹೆಂಗಸರು ಮಕ್ಕಳಿಗೆ 2 ಲಕ್ಷ, ಅತಿ ಕ್ರೂರ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿ ಅಂತ ನಿಗದಿ ಮಾಡಿತು. ಜೊತೆಗೆ ಒಂದು ಕೊಕ್ಕೆ ಇಟ್ಟಿತು. ತಕ್ಷಣದ ಸಣ್ಣ ಮೊತ್ತ ಬಿಟ್ಟು ಉಳಿದ ಹಣವನ್ನು ಒಡೆಯನಿಗೆ ಶಿಕ್ಷೆಯಾಗುವುದರ ಜೊತೆ ತಳುಕು ಹಾಕಿತು. ಊರಲ್ಲಿ ರಾಜಿಯಾದರೆ ಶಿಕ್ಷೆ ಇಲ್ಲ, ಶಿಕ್ಷೆ ಇಲ್ಲದಿದ್ದರೆ ದುಡ್ಡಿಲ್ಲ.

ಇನ್ನು ಈಗಿನ ಉತ್ತರ-ದಕ್ಷಿಣದ ಜಗಳಕ್ಕೆ ಬನ್ನಿ. ಇವತ್ತು ಬೆಂಗಳೂರಿನ ಸುತ್ತ ಇಟ್ಟಿಗೆ ಗೂಡುಗಳಲ್ಲಿ ಅಡ್ವಾನ್ಸ್ ಪಡೆದು ದುಡಿಯುವವರಲ್ಲಿ ಬಹಳ ಜನ ಒಡಿಶಾ, ಬಿಹಾರದ ಕಡೆಯವರು. ಅವರನ್ನು ಬಿಡಿಸಬೇಕಾದ್ದು ನಮ್ಮ ಜಿಲ್ಲಾಧಿಕಾರಿ. ಊರು ಸೇರಿದ ಮೇಲೆ ಬದುಕು ಕಟ್ಟಿಕೊಡಬೇಕಾದ್ದು ಅವರ ರಾಜ್ಯ. ಎರಡರ ನಡುವೆ ಕಡತ ಎಷ್ಟು ವೇಗವಾಗಿ ಓಡುತ್ತೆ ಅಂತ ಊಹಿಸಿಕೊಳ್ಳಿ. ಮರುವಿಂಗಡಣೆಯಾದರೆ ಅವರ ತಲೆ ಉತ್ತರದ ಸೀಟಿನ ಲೆಕ್ಕಕ್ಕೋ ದಕ್ಷಿಣದ ಲೆಕ್ಕಕ್ಕೋ ಸೇರುತ್ತೆ. ಓಟಿನ ದಿನ ಅವರು ಇರೋದು ನಮ್ಮ ಗೂಡಿನಲ್ಲಿ, ಹೆಸರು ಇರೋದು ಅಲ್ಲಿನ ಪಟ್ಟಿಯಲ್ಲಿ. 1787ರ ಐದಕ್ಕೆ ಮೂರರ ಲೆಕ್ಕಕ್ಕೂ ಇದಕ್ಕೂ ವ್ಯತ್ಯಾಸ ಇದೆ, ಇಲ್ಲ ಅನ್ನಲ್ಲ. ಎಣಿಕೆಗೆ ಬೇಕು, ಮಾತಿಗೆ ಬೇಡ ಅನ್ನೋದು ಮಾತ್ರ ಒಂದೇ. ದಕ್ಷಿಣದ ಹಕ್ಕಿನ ಬಗ್ಗೆ ಮಾತಾಡುವ ನಮ್ಮ ನಾಯಕರು ಈ ಜನರನ್ನು ಉತ್ತರದವರು ಅಂತ ನೋಡ್ತಾರೆ. ದೇಶದ ಅಖಂಡತೆ ಬಗ್ಗೆ ಮಾತಾಡುವವರು ಇವರನ್ನು ನೋಡೋದೇ ಇಲ್ಲ.

ಈ ನಡುವೆ 2025ರ ಮೇ 22ರಂದು ರಾಜ್ಯ ಸಂಪುಟ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರಿಡಲು ಒಪ್ಪಿತು. ಜಿಲ್ಲಾ ಕೇಂದ್ರ ರಾಮನಗರವೇ. ಪರ ವಿರೋಧ ಎರಡೂ ಜೋರಾಗಿ ನಡೆಯಿತು, ಎರಡೂ ಕಡೆಯವರ ಮಾತು ಸುತ್ತಿದ್ದು ಜಮೀನಿನ ಬೆಲೆಯನ್ನು. ಬೆಲೆ ಏರೋದು ಪಹಣಿಯಲ್ಲಿ ಹೆಸರಿದ್ದವರಿಗೆ. 1976ರ ನಂತರ ಬಿಡುಗಡೆಯಾದವರ ಮೊಮ್ಮಕ್ಕಳಲ್ಲಿ ಎಷ್ಟು ಜನರಿಗೆ ಪಹಣಿ ಇದೆ? ಕಾಡಂಚಿನ ಇರುಳಿಗರಲ್ಲಿ ಎಷ್ಟು ಜನರಿಗೆ?

ಇದನ್ನು ಓದುವ ನಿಮ್ಮಲ್ಲಿ ಮಾಹಿತಿ ಹಕ್ಕು ಅರ್ಜಿ ಹಾಕುವ ಅಭ್ಯಾಸ ಇರುವವರು ಬಹಳ ಜನ ಇದ್ದೀರಿ. ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಪ್ರತಿ ಜಿಲ್ಲೆಯಲ್ಲೂ, ಪ್ರತಿ ಉಪವಿಭಾಗದಲ್ಲೂ ಜಾಗೃತಿ ಸಮಿತಿ ಇರಲೇಬೇಕು. ಅದರಲ್ಲಿ ಪರಿಶಿಷ್ಟ ಜಾತಿ, ಪಂಗಡದ ಮೂವರು, ಇಬ್ಬರು ಸಮಾಜ ಸೇವಕರು ಸದಸ್ಯರಾಗಿರಬೇಕು. ನಿಮ್ಮ ಜಿಲ್ಲಾಧಿಕಾರಿ ಕಚೇರಿಗೆ ಮೂರು ಪ್ರಶ್ನೆ ಕಳಿಸಿ: ಸಮಿತಿಯ ಕಳೆದ ಐದು ವರ್ಷದ ಸಭೆಗಳ ದಿನಾಂಕ ಮತ್ತು ನಡಾವಳಿ, ಕೊಟ್ಟ ಬಿಡುಗಡೆ ಪತ್ರಗಳ ಸಂಖ್ಯೆ, ಬಾಕಿ ಇರುವ ಅರ್ಜಿಗಳ ಸಂಖ್ಯೆ. ಅರ್ಜಿ ಶುಲ್ಕ 10 ರೂಪಾಯಿ. 30 ದಿನದೊಳಗೆ ಅವರು ಉತ್ತರ ಕೊಡಬೇಕು.